ಡ್ರ್ಯಾಗನ್ ಮೊದಲು ಡ್ರ್ಯಾಗನ್ನೇ ಆಗಿರಲಿ

1936ರ ನವೆಂಬರ್ 25ರಂದು ಬ್ರಿಟಿಷ್ ಅಕಾಡೆಮಿಯ ಸಭೆಯಲ್ಲಿ ಆಕ್ಸ್‌ಫರ್ಡ್‌ನ ಪ್ರಾಧ್ಯಾಪಕರೊಬ್ಬರು ರಾಕ್ಷಸರ ಪರ ವಕಾಲತ್ತು ವಹಿಸಿದರು. ಅವರು ಜೆ.ಆರ್.ಆರ್. ಟೋಲ್ಕಿನ್. ‘ದಿ ಹಾಬಿಟ್’ ಅಚ್ಚಾಗಿ ಹೊರಬರಲು ಇನ್ನೂ ಹತ್ತು ತಿಂಗಳಿತ್ತು. ಸಭಿಕರ ಪಾಲಿಗೆ ಅವರು ಹಳೆಯ ಇಂಗ್ಲಿಷ್ ಕಲಿಸುವ ಮೇಷ್ಟ್ರು, ಅಷ್ಟೇ. ವಿಷಯ, ‘ಬಿಯೊವುಲ್ಫ್’ ಕಾವ್ಯ. ಅದರ ನಾಯಕ ಮೊದಲು ಗ್ರೆಂಡೆಲ್ ಎಂಬ ನರಭಕ್ಷಕನನ್ನು, ಆಮೇಲೆ ಅವನ ತಾಯಿಯನ್ನು ಕೊಲ್ಲುತ್ತಾನೆ; ಮುಪ್ಪಿನಲ್ಲಿ ಡ್ರ್ಯಾಗನ್ ಒಂದನ್ನು ಕೊಂದು ತಾನೂ ಸಾಯುತ್ತಾನೆ. ವಿದ್ವಾಂಸರಿಗೆ ಇದು ಮುಜುಗರದ ಸಂಗತಿಯಾಗಿತ್ತು. ಕಾವ್ಯದಲ್ಲಿ ಸಿಗುವ ರಾಜವಂಶಗಳ, ಬುಡಕಟ್ಟು ಕಾಳಗಗಳ ಚೂರುಪಾರು ಚರಿತ್ರೆಯನ್ನು ಅವರು ಹೆಕ್ಕಿಕೊಳ್ಳುತ್ತಿದ್ದರು. ಇಷ್ಟು ಗಂಭೀರ ಕವಿ ಅಜ್ಜಿಕಥೆಯ ಭೂತಗಳನ್ನು ನಟ್ಟನಡುವೆ ಯಾಕೆ ತಂದಿಟ್ಟನೋ ಎಂದು ಪೇಚಾಡುತ್ತಿದ್ದರು. ಟೋಲ್ಕಿನ್ ಹೇಳಿದ್ದು: ರಾಕ್ಷಸರೇ ಈ ಕಾವ್ಯದ ಜೀವ. ಎದುರಾಳಿ ನೆರೆಯ ರಾಜನಾಗಿದ್ದರೆ ಅದು ಒಂದು ಯುದ್ಧದ ಕಥೆಯಾಗಿ ಮುಗಿಯುತ್ತಿತ್ತು. ಮನುಷ್ಯನೇ ಅಲ್ಲದ್ದು ಎದುರು ನಿಂತಾಗ ಮಾತ್ರ, ಕೊನೆಗೆ ಸೋಲೇ ಗತಿ ಎಂದು ಗೊತ್ತಿದ್ದೂ ಕಾದುವವನ ಪಾಡು ಕಾಣುತ್ತದೆ.

ಆ ಉಪನ್ಯಾಸದಲ್ಲಿ ಒಂದು ದೃಷ್ಟಾಂತ ಬರುತ್ತದೆ. ಒಬ್ಬಾತ ಹಳೆಯ ಕಲ್ಲುಗಳನ್ನು ಪೇರಿಸಿ ಗೋಪುರ ಕಟ್ಟುತ್ತಾನೆ. ಕಲ್ಲುಗಳು ಎಲ್ಲಿಯವು, ಅವುಗಳ ಮೇಲೆ ಬರಹವೇನಾದರೂ ಇದೆಯೇ ಎಂದು ನೋಡಲು ಗೆಳೆಯರು ಗೋಪುರವನ್ನೇ ಕೆಡವುತ್ತಾರೆ. ಕಟ್ಟಿದವನಿಗೆ ಅದರ ತುದಿಯಿಂದ ಸಮುದ್ರ ಕಾಣುತ್ತಿತ್ತು ಎಂಬುದು ಅವರಿಗೆ ಹೊಳೆಯುವುದೇ ಇಲ್ಲ. ಅನ್ಯೋಕ್ತಿ (ಅಲಿಗರಿ) ಎಂದರೆ ಆಗುವುದಿಲ್ಲ ಎಂದು ಮುಂದೆ ಸಾರಿದ ಮನುಷ್ಯ ತನ್ನ ವಾದಕ್ಕೆ ಆರಿಸಿಕೊಂಡಿದ್ದು ಅಪ್ಪಟ ಅನ್ಯೋಕ್ತಿಯನ್ನೇ, ಇರಲಿ.

ವಿಜ್ಞಾನ ಕಥೆ ಮತ್ತು ಫ್ಯಾಂಟಸಿಯಲ್ಲಿ ಆಳದ ಅರ್ಥ ಹುಡುಕುವ ವಿಮರ್ಶೆ ಬೆಳೆದುಬಂದ ದಾರಿಯನ್ನು ನೋಡಿದರೆ ಈ ಜಗಳವೇ ಬೇರೆ ಬೇರೆ ವೇಷದಲ್ಲಿ ಮರಳುತ್ತದೆ. ಕಥೆಯ ಅದ್ಭುತವನ್ನು ಸಿಪ್ಪೆಯಂತೆ ಸುಲಿದು ಒಳಗಿನ ತಿರುಳು ತೆಗೆಯಬೇಕೆನ್ನುವವರು ಒಂದು ಕಡೆ. ಅದ್ಭುತವನ್ನು ಇದ್ದ ಹಾಗೇ ನಂಬಿ ನಡೆದಾಗಲೇ ಅರ್ಥ ಕೈಗೆ ಹತ್ತುತ್ತದೆ ಎನ್ನುವವರು ಇನ್ನೊಂದು ಕಡೆ. ಪರೀಕ್ಷೆಯ ಗೈಡುಗಳಲ್ಲಿ ‘ಇಲ್ಲಿ ರಾಕ್ಷಸನು ಅಹಂಕಾರದ ಸಂಕೇತ’ ಎಂಬ ವಾಕ್ಯ ಓದಿ ಬೆಳೆದ ನಮಗೆ ಮೊದಲಿನವರ ರೀತಿ ಚಿರಪರಿಚಿತ. ನನ್ನ ಒಲವು ಎರಡನೆಯವರ ಕಡೆಗೆ.

ವಿಜ್ಞಾನ ಕಥೆಯ ವಂಶಾವಳಿಯನ್ನು ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ನಿಂದ (1818) ಆರಂಭಿಸಬೇಕೆಂದು ಲೇಖಕ ಬ್ರಯನ್ ಆಲ್ಡಿಸ್ 1973ರಲ್ಲಿ ವಾದಿಸಿದರು, ಆಮೇಲೆ ಹಲವರು ಅದನ್ನೇ ಒಪ್ಪಿಕೊಂಡರು. ಆದರೆ ಓದುಗ ಎರಡನೇ ಅರ್ಥವನ್ನು ಕಾಣಲೇಬೇಕೆಂದು ಲೇಖಕನೇ ಪಟ್ಟು ಹಿಡಿದದ್ದು ಎಚ್.ಜಿ. ವೆಲ್ಸ್ ಕಾಲಕ್ಕೆ. ‘ದಿ ವಾರ್ ಆಫ್ ದಿ ವರ್ಲ್ಡ್ಸ್’ (1898) ಕಾದಂಬರಿಯ ಮೊದಲ ಅಧ್ಯಾಯದಲ್ಲೇ ಆತ ಟಾಸ್ಮೇನಿಯಾದ ಮೂಲನಿವಾಸಿಗಳನ್ನು ಯುರೋಪಿಯನ್ನರು ಅಳಿಸಿಹಾಕಿದ್ದನ್ನು ನೆನಪಿಸುತ್ತಾನೆ. ಮಂಗಳಗ್ರಹದವರು ಲಂಡನ್ನಿಗೆ ಮಾಡುವುದು ಲಂಡನ್ ಹೊರಲೋಕಕ್ಕೆ ಮಾಡಿದ್ದನ್ನೇ. ಹಾಗೆಂದು ಮಂಗಳದವರು ಬರೀ ವೇಷ ಹಾಕಿದ ಬ್ರಿಟಿಷರಲ್ಲ. ಅವರ ಉಷ್ಣಕಿರಣ, ಮೂರು ಕಾಲಿನ ಯಂತ್ರ, ಜನ ಗಂಟುಮೂಟೆ ಕಟ್ಟಿ ಓಡುವ ರಸ್ತೆಗಳು ಎಲ್ಲವನ್ನೂ ವೆಲ್ಸ್ ವರದಿಗಾರನಂತೆ ಬರೆದಿದ್ದಾನೆ. ಆ ವರದಿಯನ್ನು ನಂಬಿ ಹೆದರಿದವನಿಗಷ್ಟೇ ಟಾಸ್ಮೇನಿಯಾದ ಮಾತು ತಾಗುತ್ತದೆ.

ಏಳು ವರ್ಷದ ಬಳಿಕ, 1905ರಲ್ಲಿ, ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜಿನ್’ನಲ್ಲಿ ಬಂಗಾಳದ ರೊಕೆಯಾ ಹುಸೇನ್ ಅವರ ‘ಸುಲ್ತಾನಾಳ ಕನಸು’ ಇಂಗ್ಲಿಷಿನಲ್ಲಿ ಬಂತು. ಅಲ್ಲಿ ಗಂಡಸರು ಪರದೆಯೊಳಗೆ, ಹೆಂಗಸರು ರಾಜ್ಯಭಾರದಲ್ಲಿ. ಸೂರ್ಯನ ಶಾಖವನ್ನು ಹಿಡಿದಿಟ್ಟು ಶತ್ರುಸೈನ್ಯದ ಮೇಲೆ ಹಾಯಿಸಿ ಯುದ್ಧ ಗೆಲ್ಲುತ್ತಾರೆ. ನಗು ಬರುತ್ತದೆ, ಮರುಗಳಿಗೆಯೇ, ಗಂಡಸರನ್ನು ಒಳಗಿಟ್ಟರೆ ವಿಚಿತ್ರವಾಗಿ ಕಾಣುವುದು ಹೆಂಗಸರನ್ನು ಇಟ್ಟಾಗ ಯಾಕೆ ಕಾಣಲಿಲ್ಲ ಎಂಬ ಪ್ರಶ್ನೆ ಚುಚ್ಚುತ್ತದೆ. ಪಶ್ಚಿಮದ ವಿಜ್ಞಾನ ಕಥಾವಿಮರ್ಶೆಯ ಕಣ್ಣಿಗೆ ಈ ಕಥೆ ಬೀಳಲು ಮುಕ್ಕಾಲು ಶತಮಾನವೇ ಹಿಡಿಯಿತು.

ಈ ನಡುವೆ ಅಮೆರಿಕದಲ್ಲಿ ವಿಜ್ಞಾನ ಕಥೆ ಅಗ್ಗದ ಕಾಗದದ ಪತ್ರಿಕೆಗಳ ಸರಕಾಯಿತು, ಅದರ ಜೊತೆ ವಿದ್ವಾಂಸರ ಅಸಡ್ಡೆಯೂ ಬೆಳೆಯಿತು. 1954-55ರಲ್ಲಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬಂದಾಗ ಎಡ್ಮಂಡ್ ವಿಲ್ಸನ್‌ರಂಥ ದೊಡ್ಡ ವಿಮರ್ಶಕರು ಅದು ಹುಡುಗರ ಓದು ಎಂದು ತಳ್ಳಿಹಾಕಿದರು. ಮೆಚ್ಚಿದವರಲ್ಲಿ ಹಲವರು ಕಥೆಯ ನಡುವಿರುವ ಉಂಗುರವೆಂದರೆ ಅಣುಬಾಂಬು ಎಂದು ಬಗೆಹರಿಸಿಬಿಟ್ಟರು. ಟೋಲ್ಕಿನ್‌ಗೆ ಎರಡನೆಯವರ ಮೇಲೆ ಹೆಚ್ಚು ಸಿಟ್ಟಿದ್ದ ಹಾಗೆ ಕಾಣುತ್ತದೆ. ಎರಡನೇ ಆವೃತ್ತಿಯ ಮುನ್ನುಡಿಯಲ್ಲಿ ಅವರು ಕೊಟ್ಟ ಉತ್ತರ ತಮಾಷೆಯಾಗಿದೆ, ಹರಿತವೂ ಆಗಿದೆ: ಕಥೆ ನಿಜವಾದ ಯುದ್ಧದ ಜಾಡು ಹಿಡಿದಿದ್ದರೆ ಉಂಗುರವನ್ನು ಯಾರೂ ನಾಶ ಮಾಡುತ್ತಿರಲಿಲ್ಲ, ವಶಪಡಿಸಿಕೊಂಡು ಶತ್ರುವಿನ ಮೇಲೇ ಬಳಸುತ್ತಿದ್ದರು. ಓದುಗ ತನ್ನ ಅನುಭವಕ್ಕೆ ಕಥೆಯನ್ನು ಅನ್ವಯಿಸಿಕೊಳ್ಳುವುದು ಬೇರೆ, ಲೇಖಕ ಬೀಗದಕೈ ಕೊಟ್ಟು ಇದೇ ಅರ್ಥ ಎನ್ನುವುದು ಬೇರೆ ಎಂದು ಅವರು ಗೆರೆ ಎಳೆದರು. ಈ ಕ್ಷೇತ್ರದಲ್ಲಿ ಇದಕ್ಕಿಂತ ಉಪಯೋಗದ ಗೆರೆಯನ್ನು ನಾನು ಕಂಡಿಲ್ಲ.

ಆದರೆ ಬಾಂಬಿನ ಕಥೆ ಬಾಂಬಿನ ಕಥೆಯೇ ಆಗಿದ್ದದ್ದೂ ಉಂಟು. 1954ರ ಮಾರ್ಚ್ 1ರಂದು ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ನಡೆಸಿದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ಬೂದಿ ಜಪಾನಿನ ಮೀನುಗಾರಿಕಾ ದೋಣಿಯೊಂದರ ಮೇಲೆ ಸುರಿಯಿತು. 23 ಮಂದಿ ವಿಕಿರಣಕ್ಕೆ ತುತ್ತಾದರು, ಸೆಪ್ಟೆಂಬರಿನಲ್ಲಿ ಅವರಲ್ಲೊಬ್ಬ ತೀರಿಕೊಂಡ. ಅದೇ ನವೆಂಬರಿನಲ್ಲಿ ತೆರೆಕಂಡ ಇಶಿರೋ ಹೋಂಡಾ ಅವರ ‘ಗಾಡ್ಜಿಲ್ಲಾ’ ಆರಂಭವಾಗುವುದೇ ಸಮುದ್ರದಲ್ಲಿ ಬೆಂಕಿ ಹತ್ತಿ ಮುಳುಗುವ ಹಡಗಿನಿಂದ. ಟೋಕಿಯೊದ ಪ್ರೇಕ್ಷಕರಿಗೆ ಯಾವ ವಿಮರ್ಶಕನೂ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ. 1956ರಲ್ಲಿ ಅಮೆರಿಕಕ್ಕೆಂದು ಕತ್ತರಿಸಿ, ಅಮೆರಿಕನ್ ನಟನೊಬ್ಬನನ್ನು ಸೇರಿಸಿ ಬಿಡುಗಡೆ ಮಾಡಿದ ಪ್ರತಿಯಲ್ಲಿ ಬಾಂಬಿನ ಮಾತು ಬಹಳಷ್ಟು ಮಂಕಾಗಿ ದೈತ್ಯಪ್ರಾಣಿ ಮಾತ್ರ ಉಳಿಯಿತು.

1959ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಕಾದಂಬರಿಕಾರ ಕಿಂಗ್ಸ್‌ಲಿ ಏಮಿಸ್ ವಿಜ್ಞಾನ ಕಥೆಯ ಮೇಲೆ ಉಪನ್ಯಾಸ ಕೊಟ್ಟರು, ಅದೇ ವರ್ಷ ‘ಎಕ್ಸ್‌ಟ್ರಾಪೊಲೇಶನ್’ ಎಂಬ ಸಂಶೋಧನ ಪತ್ರಿಕೆ ಆರಂಭವಾಯಿತು. ವಿಶ್ವವಿದ್ಯಾಲಯದ ಬಾಗಿಲು ತೆರೆದದ್ದು ಹೀಗೆ. ಏಮಿಸ್‌ಗೆ ಬೇಕಿದ್ದದ್ದು ಸಮಾಜದ ಅಣಕ. ಜಾಹೀರಾತು ಕಂಪನಿಗಳೇ ಲೋಕವನ್ನಾಳುವ ‘ದಿ ಸ್ಪೇಸ್ ಮರ್ಚೆಂಟ್ಸ್’ನಂಥ ಕಾದಂಬರಿ ಅವರಿಗೆ ಅಚ್ಚುಮೆಚ್ಚು. 1970ರ ದಶಕದಲ್ಲಿ ವಿಮರ್ಶಕ ಡಾರ್ಕೊ ಸೂವಿನ್ ಬಂದು ಇದಕ್ಕೊಂದು ಸಿದ್ಧಾಂತದ ಬೆನ್ನೆಲುಬು ಕೊಟ್ಟರು. ಕಥೆ ನಮ್ಮ ಲೋಕಕ್ಕೆ ಒಂದು ಹೊಸ ಸಂಗತಿಯನ್ನು ತರುತ್ತದೆ. ಅದರ ಪರಿಣಾಮಗಳನ್ನು ತರ್ಕಬದ್ಧವಾಗಿ ಬೆಳೆಸುತ್ತದೆ. ಆಗ ಪರಿಚಿತವಾದ ನಮ್ಮ ಬದುಕೇ ಅಪರಿಚಿತವಾಗಿ ಕಂಡು, ಇದು ಹೀಗೇ ಇರಬೇಕಿಲ್ಲ ಎಂದು ತಿಳಿಯುತ್ತದೆ. ಪರಿಚಿತವನ್ನು ಅಪರಿಚಿತವಾಗಿಸುವ ನಾಟಕಕಾರ ಬ್ರೆಕ್ಟ್‌ನ ರಂಗತತ್ವದ ಋಣ ಇದರಲ್ಲಿ ಎದ್ದು ಕಾಣುತ್ತದೆ. ರೊಕೆಯಾ ಅವರ ಕಥೆಗಂತೂ ಇದು ಅಳತೆ ಕೊಟ್ಟು ಹೊಲಿಸಿದಂತಿದೆ. ತೊಡಕೆಂದರೆ, ತರ್ಕದ ಗೆರೆಯಾಚೆ ಇರುವ ಫ್ಯಾಂಟಸಿಯನ್ನು ಸೂವಿನ್ ಪಂಕ್ತಿಯಿಂದಲೇ ಎಬ್ಬಿಸಿದರು. ಸೂವಿನ್‌ರಂತೆ ಮಾರ್ಕ್ಸ್‌ವಾದಿಯೇ ಆದ ಕಾದಂಬರಿಕಾರ ಚೈನಾ ಮಿಯೆವಿಲ್ ಮುಂದೆ ಇದನ್ನು ಪ್ರಶ್ನಿಸಿದರು: ಬೆಳಕಿಗಿಂತ ವೇಗವಾಗಿ ಓಡುವ ನೌಕೆಯನ್ನು ಒಪ್ಪುವವನಿಗೆ ಮಂತ್ರವಾದಿ ಯಾಕೆ ಅಪಥ್ಯ?

ಹಾಗೆ ನೋಡಿದರೆ ಗಿರೀಶ ಕಾರ್ನಾಡರ ‘ಹಯವದನ’ ನಾಟಕವನ್ನು (1971) ಸೂವಿನ್ ಎಲ್ಲಿ ಕೂರಿಸುತ್ತಿದ್ದರು? ಅದರ ಮೂಲವಾದ ಬೇತಾಳನ ಕಥೆಯಲ್ಲಿ ತಲೆ ಅದಲುಬದಲಾದ ಇಬ್ಬರಲ್ಲಿ ಗಂಡ ಯಾರೆಂದರೆ ತಲೆಯಿದ್ದವನೇ ಎಂದು ವಿಕ್ರಮ ಉತ್ತರಿಸಿ ಕೈತೊಳೆದುಕೊಳ್ಳುತ್ತಾನೆ. ಜರ್ಮನ್ ಕಾದಂಬರಿಕಾರ ಥಾಮಸ್ ಮನ್ 1940ರಲ್ಲಿ ಅದನ್ನು ಮುಂದುವರಿಸಿದ, ಕಾರ್ನಾಡರು ಮನ್‌ನಿಂದ ಎತ್ತಿಕೊಂಡರು. ನಾಟಕದ ಆ ಇಬ್ಬರಲ್ಲಿ ದೇವದತ್ತನ ತಲೆಗೆ ಸೇರಿದ ಕಪಿಲನ ಮೈ ಮೆಲ್ಲಗೆ ಮೆತ್ತಗಾಗುತ್ತ, ಕಪಿಲನ ತಲೆಗೆ ಸೇರಿದ ದೇವದತ್ತನ ಮೈ ಗಟ್ಟಿಯಾಗುತ್ತ ಹೋಗುತ್ತದೆ. ಅಸಂಭವವನ್ನು ಒಮ್ಮೆ ಒಪ್ಪಿಕೊಂಡು ಅದರ ಲೆಕ್ಕವನ್ನು ಕೊನೆಯವರೆಗೆ ಮಾಡುವ ಈ ರೀತಿ ಯಾವ ವಿಜ್ಞಾನ ಕಥೆಗೂ ಕಡಿಮೆಯಿಲ್ಲ.

ವಿಮರ್ಶೆಯ ನಿಜವಾದ ತಿರುವು ಪ್ರಾಧ್ಯಾಪಕರಿಗಿಂತ ಹೆಚ್ಚಾಗಿ ಬರೆಯುವವರಿಂದಲೇ ಬಂತು. ಸ್ಯಾಮ್ಯುಯೆಲ್ ಡೆಲನಿ ವಾಕ್ಯದ ಮಟ್ಟಕ್ಕಿಳಿದು ನೋಡಿದರು. ಒಬ್ಬಳ ಲೋಕ ಛಿದ್ರವಾಯಿತು ಎಂದು ಸಾಮಾನ್ಯ ಕಾದಂಬರಿಯಲ್ಲಿ ಬಂದರೆ ಮನಸ್ಸು ಮುರಿಯಿತು ಎಂದುಕೊಳ್ಳುತ್ತೇವೆ. ವಿಜ್ಞಾನ ಕಥೆಯಲ್ಲಿ ಅವಳು ಹುಟ್ಟಿದ ಗ್ರಹವೇ ಸಿಡಿದು ಹೋಗಿರಬಹುದು. ರೂಪಕಕ್ಕೆ ಹಾರುವ ಮೊದಲು ಅಕ್ಷರಶಃ ಅರ್ಥದ ಬಳಿ ನಿಲ್ಲುವ ಅಭ್ಯಾಸ ಈ ಪ್ರಕಾರ ಓದುಗನಿಂದ ಕೇಳುತ್ತದೆ ಎಂಬುದು ಅವರ ಮುಖ್ಯ ಒಳನೋಟ.

ಆಕ್ಟೇವಿಯಾ ಬಟ್ಲರ್ ಅವರ ‘ಕಿಂಡ್ರೆಡ್’ (1979) ಇದಕ್ಕೆ ಸಾಕ್ಷಿ. 1976ರ ಕ್ಯಾಲಿಫೋರ್ನಿಯಾದ ಕಪ್ಪು ಹೆಣ್ಣು ಡೇನಾ ಮತ್ತೆ ಮತ್ತೆ ಗುಲಾಮಗಿರಿಯ ಕಾಲದ ಮೇರಿಲ್ಯಾಂಡ್‌ಗೆ ಸೆಳೆಯಲ್ಪಡುತ್ತಾಳೆ. ಹೇಗೆ? ಯಂತ್ರವಿಲ್ಲ, ವಿವರಣೆಯಿಲ್ಲ. ತನ್ನ ಪೂರ್ವಜನಾಗಬೇಕಾದ ಬಿಳಿಯ ಯಜಮಾನನನ್ನು ಅವಳೇ ಬದುಕಿಸಿಕೊಳ್ಳಬೇಕು. ಕೊನೆಯ ಸಲ ಮರಳುವಾಗ ಅವಳ ಎಡಗೈ ಮನೆಯ ಗೋಡೆಯೊಳಗೆ ಸಿಕ್ಕಿ ತುಂಡಾಗುತ್ತದೆ. ‘ಚರಿತ್ರೆಯ ಗಾಯ’ ಎಂದು ಪ್ರಬಂಧ ಬರೆಯಬಹುದು, ನೂರಾರು ಬಂದಿವೆ. ಆದರೆ ಕೈ ಹೋದದ್ದು ನಿಜವಾಗಿಯೂ ಹೋದದ್ದೇ. ಅದಕ್ಕೇ ಆ ಪುಟ ಓದುವಾಗ ನಮ್ಮ ತೋಳು ಜುಮ್ಮೆನ್ನುವುದು.

ಅರ್ಸುಲಾ ಲ ಗ್ವಿನ್ ಅವರದು ಇನ್ನೊಂದು ಬಗೆ. ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ (1969) ಕಾದಂಬರಿಯ ಗೆಥೆನ್ ಗ್ರಹದಲ್ಲಿ ಗಂಡು-ಹೆಣ್ಣೆಂಬ ಸ್ಥಿರಭೇದವಿಲ್ಲ, ಆದರೂ ನಿರೂಪಣೆಯಲ್ಲಿ ಎಲ್ಲರೂ ‘ಅವನು’. ಸ್ತ್ರೀವಾದಿ ಓದುಗರು ಆಕ್ಷೇಪಿಸಿದರು. 1976ರ ಲೇಖನವೊಂದರಲ್ಲಿ ಲ ಗ್ವಿನ್ ಸಮರ್ಥಿಸಿಕೊಂಡರು. ಹತ್ತು ವರ್ಷ ಕಳೆದ ಮೇಲೆ ಅದೇ ಲೇಖನಕ್ಕೆ ತಮ್ಮ ತಿದ್ದುಪಡಿಗಳನ್ನು ಪಕ್ಕದಲ್ಲೇ ಸೇರಿಸಿ, ಹಳೆಯದನ್ನು ಅಳಿಸದೆ, ಮತ್ತೆ ಅಚ್ಚು ಹಾಕಿಸಿದರು.

ಇಂದು ಕ್ಷೇತ್ರ ವಿಶಾಲವಾಗಿದೆ, ಇಂಗ್ಲಿಷಿನ ಗಡಿಯನ್ನೂ ದಾಟಿದೆ. ಚೀನಾದ ಲಿಯು ತ್ಸಿಶಿನ್ ಅವರ ‘ತ್ರೀ-ಬಾಡಿ ಪ್ರಾಬ್ಲಂ’ ಇಂಗ್ಲಿಷ್ ಅನುವಾದದಲ್ಲಿ (2014) ಸಾಂಸ್ಕೃತಿಕ ಕ್ರಾಂತಿಯ ಹಿಂಸೆಯ ದೃಶ್ಯದಿಂದ ಶುರುವಾಗುತ್ತದೆ. ಚೀನೀ ಪುಸ್ತಕದಲ್ಲಿ ಅದು ಎಷ್ಟೋ ಪುಟಗಳ ಒಳಗೆ ಸೇರಿಕೊಂಡಿತ್ತು. ಪಶ್ಚಿಮದ ವಿಮರ್ಶಕರು ಇಡೀ ಕೃತಿಯನ್ನು ಚೀನಾದ ರಾಜಕೀಯದ ಗುಪ್ತಲಿಪಿ ಎಂಬಂತೆ ಓದತೊಡಗಿದರು. ಲಿಯು ಮಾತ್ರ, ವರ್ತಮಾನವನ್ನು ಮರೆಮಾಚಿ ಟೀಕಿಸಲು ತಾನು ಕಥೆ ಬರೆಯುವುದಿಲ್ಲ ಎಂದು ಅದೇ ಅನುವಾದದ ಹಿನ್ನುಡಿಯಲ್ಲಿ ಹೇಳಿದ್ದಾರೆ. ಹಾಗೆ ಹೇಳದೆ ಅವರಿಗೆ ಬೇರೆ ದಾರಿಯಿತ್ತೇ ಎಂಬುದೂ ಕೇಳಬೇಕಾದ ಪ್ರಶ್ನೆಯೇ.

ಈಚೆಗೆ ವಿಮರ್ಶೆ ಪ್ರಬಂಧವನ್ನು ಬಿಟ್ಟು ಕಥೆಯ ರೂಪವನ್ನೇ ತಾಳುತ್ತಿದೆ. ಲ ಗ್ವಿನ್ 1973ರಲ್ಲಿ ಬರೆದ ಒಮೆಲಾಸ್ ಕಥೆಯಲ್ಲಿ ಊರಿನ ಸುಖವೆಲ್ಲ ನೆಲಮಾಳಿಗೆಯಲ್ಲಿ ನರಳುವ ಒಂದು ಮಗುವಿನ ಮೇಲೆ ನಿಂತಿದೆ. ಅದನ್ನು ಕಂಡ ಕೆಲವರು ಸದ್ದಿಲ್ಲದೆ ಊರು ತೊರೆಯುತ್ತಾರೆ. ಐವತ್ತು ವರ್ಷ ತರಗತಿಗಳಲ್ಲಿ ಇದರ ಸಂಕೇತಾರ್ಥದ ಚರ್ಚೆ ನಡೆದಿದೆ. ಎನ್.ಕೆ. ಜೆಮಿಸಿನ್ 2018ರಲ್ಲಿ ತೊರೆಯುವವರ ಬದಲು ಉಳಿದು ಹೋರಾಡುವವರ ಕಥೆ ಬರೆದರು. 2024ರಲ್ಲಿ ಇಸಬೆಲ್ ಕಿಮ್ ಎಂಬ ಲೇಖಕಿ, ಆ ಮಗುವನ್ನೇ ಕೊಂದುಬಿಟ್ಟರೆ ಏನಾದೀತು ಎಂದು ಕಥೆ ಹೂಡಿದರು. ಮಗು ಸಾಯುತ್ತದೆ, ಊರಿಗೆ ಕೇಡು ಬಡಿಯುತ್ತದೆ, ಆಡಳಿತ ಇನ್ನೊಂದು ಮಗುವನ್ನು ತಂದು ಅದೇ ನೆಲಮಾಳಿಗೆಗೆ ಹಾಕುತ್ತದೆ.