ಒಳಗೆ ನೋಡದೆ ಬರೆದ ಚೀಟಿ: ಗರ್ಭಕಂಠದ ಉರಿಯೂತವನ್ನು ಅರಿತ ಬಗೆ

"ಮೇಡಂ, ಬಿಳಿ ಹೋಗ್ಲತದ್ರಿ. ಗರ್ಭಚೀಲದ ಬಾಯಿಗಿ ಹುಣ್ಣಾಗ್ಯದ ಅಂದಾರ. ಕ್ಯಾನ್ಸರ್ ಆಗತದೇನ್ರಿ?" ಕಮಲಾಪುರದ ತಾಂಡಾಗಳ ಹೆಣ್ಣುಮಕ್ಕಳೂ ಕಲಬುರಗಿಯ ದರ್ಗಾದ ಆಸುಪಾಸಿನ ರೋಜಾ ಓಣಿಗಳವರೂ ಇಂದಿಗೂ ಈ ಪ್ರಶ್ನೆ ಹೊತ್ತೇ ಬರುತ್ತಾರೆ. ಗರ್ಭಕಂಠದ ಉರಿಯೂತದ ಬಗ್ಗೆ ವೈದ್ಯಶಾಸ್ತ್ರ ಕಲಿತದ್ದು ಬಹಳ. ಅದರಲ್ಲಿ ನಮ್ಮ ಜಿಲ್ಲೆಯ ಹೆಂಗಸರಿಗೆ ತಲುಪಿದ್ದು ಹೆಚ್ಚಾಗಿ ಭಯವೇ ಆದ್ದರಿಂದ ಈ ಸಮೀಕ್ಷೆ ಅಗತ್ಯವೆನಿಸಿತು.

ಆರಂಭದ ಕಥೆ ಚಿಕ್ಕದು. 1879ರಲ್ಲಿ ನೈಸರ್ ಗೊನೊರಿಯಾದ ರೋಗಾಣುವನ್ನು ಗುರುತಿಸಿದರು. ಗರ್ಭಕಂಠಕ್ಕೆ ಸೋಂಕು ತರುವ ಇನ್ನೊಂದು ರೋಗಾಣು ಕ್ಲಮೈಡಿಯದ ಸುಳಿವು 1907ರಲ್ಲಿ ಸಿಕ್ಕರೂ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಅರ್ಧ ಶತಮಾನ ಹಿಡಿಯಿತು. ಅಷ್ಟರವರೆಗೂ, ಆಮೇಲೂ, ಗರ್ಭಕಂಠದ ಮೇಲೆ ಕೆಂಪಗೆ ಕಂಡದ್ದನ್ನೆಲ್ಲ 'ಸವೆತ' ಎಂದು ಬರೆದು ವಿದ್ಯುತ್ತಿನಿಂದ ಸುಡುವುದು ರೂಢಿಯಾಗಿತ್ತು. ಹರೆಯದಲ್ಲಿ, ಬಸುರಿಯಲ್ಲಿ, ಗರ್ಭನಿರೋಧಕ ಗುಳಿಗೆ ನುಂಗುವವರಲ್ಲಿ ಒಳಪದರದ ಕೆಂಪು ಹೊರಗೆ ಕಾಣುವುದು ಸಹಜ. ಅದು ಹುಣ್ಣೂ ಅಲ್ಲ, ರೋಗವೂ ಅಲ್ಲ.

ನಿಜವಾದ ತಿರುವು ಬಂದದ್ದು 1984ರಲ್ಲಿ. ರಾಬರ್ಟ್ ಬ್ರನ್‌ಹ್ಯಾಮ್ ಮತ್ತು ಸಂಗಡಿಗರು, ಗಂಡಸರ ಮೂತ್ರನಾಳದ ಉರಿಯೂತಕ್ಕೆ ಸಮನಾದ ಗರ್ಭಕಂಠದ ಉರಿಯೂತವನ್ನು ಹೆಂಗಸರಲ್ಲಿ ಎಲ್ಲರೂ ಕಡೆಗಣಿಸಿದ್ದಾರೆ ಎಂದು ಬರೆದರು. ಅವರು ಕೊಟ್ಟ ಅಳತೆ ಸರಳ: ಕಂಠದೊಳಗಿನಿಂದ ತೆಗೆದ ಹತ್ತಿಕಡ್ಡಿಯ ಮೇಲೆ ಹಳದಿ ಕೀವು, ಸೂಕ್ಷ್ಮದರ್ಶಕದಡಿ ಹತ್ತು ಅಥವಾ ಹೆಚ್ಚು ಬಿಳಿ ರಕ್ತಕಣ. ದೀಪ, ಒಳಗೆ ನೋಡಲು ಸ್ಪೆಕ್ಯುಲಮ್, ಹತ್ತಿಕಡ್ಡಿ ಇದ್ದರೆ ಅರ್ಧ ಕೆಲಸ ಆಯಿತು. ಅನೇಕರಲ್ಲಿ ಯಾವ ರೋಗಾಣುವೂ ಸಿಗುವುದಿಲ್ಲ ಎಂಬುದೂ ಕ್ರಮೇಣ ತಿಳಿಯಿತು. ಬಹಳ ಹೆಂಗಸರಿಗೆ ಲಕ್ಷಣವೇ ಇರುವುದಿಲ್ಲ. ಹಾಗೇ ಬಿಟ್ಟ ಸೋಂಕು ಮೇಲೇರಿ ಗರ್ಭನಾಳ ಮುಚ್ಚಿ, ಮಕ್ಕಳಾಗದಂತೆ ಮಾಡಬಲ್ಲದು.

ನನ್ನ ತಲೆಮಾರನ್ನು ರೂಪಿಸಿದ್ದು ಮಾತ್ರ ಹಳ್ಳಿಯಲ್ಲಿ ನಡೆದ ಕೆಲಸ. 1989ರಲ್ಲಿ ರಾಣಿ ಬಂಗ್ ಮತ್ತು ಸಂಗಡಿಗರು ಗಡಚಿರೋಲಿಯ ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿ ಲ್ಯಾನ್ಸೆಟ್‌ನಲ್ಲಿ ವರದಿ ಕೊಟ್ಟರು. ಶೇ 92ರಷ್ಟು ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಮೊದಲು ಎಂದಾದರೂ ಅಂಥ ತಪಾಸಣೆಗೆ ಒಳಗಾಗಿದ್ದವರು ಶೇ 8 ಮಾತ್ರ. ಹೆರಿಗೆ ಮತ್ತು ಸಂತಾನಹರಣದ ಆಚೆಗೆ ಹೆಣ್ಣಿಗೆ ಆರೋಗ್ಯವಿದೆ ಎಂದು ಸರ್ಕಾರಗಳು ಒಪ್ಪಿಕೊಳ್ಳಲು ಈ ಎರಡು ಅಂಕಿ ಬೇಕಾದವು. ನಮ್ಮ ರಾಜ್ಯದಲ್ಲೇ ಭಾಟಿಯಾ ಮತ್ತು ಕ್ಲೆಲಂಡ್ 3,600 ಎಳೆಯ ತಾಯಂದಿರನ್ನು ಮಾತಾಡಿಸಿದರು. ಮೂವರಲ್ಲೊಬ್ಬರು ಒಂದಾದರೂ ತೊಂದರೆ ಹೇಳಿಕೊಂಡರೆಂದು 1995ರಲ್ಲಿ ಪ್ರಕಟಿಸಿದರು. ಹೆಂಗಸು ಬಾಯಿಬಿಟ್ಟು ಹೇಳಿದ್ದನ್ನೂ ವೈದ್ಯೆ ಕಣ್ಣಾರೆ ಕಂಡದ್ದನ್ನೂ ಅಕ್ಕಪಕ್ಕ ಇಟ್ಟು ಓದುವುದನ್ನು ಈ ಪರಂಪರೆ ನಮಗೆ ಕಲಿಸಿತು. ಅದಕ್ಕಿಂತ ದೊಡ್ಡ ಪಾಠ ಈ ಕ್ಷೇತ್ರದಲ್ಲಿ ನನಗೆ ಬೇರೆ ಸಿಕ್ಕಿಲ್ಲ.

ಬಳಿಕ ಬಂದದ್ದು ಲಕ್ಷಣ ಕೇಳಿ ಔಷಧಿ ಕೊಡುವ ಪದ್ಧತಿ. ಗರ್ಭಕಂಠದ ಉರಿಯೂತಕ್ಕೆ ಬೂದು ಬಣ್ಣದ ಕಿಟ್: ಅಜಿತ್ರೊಮೈಸಿನ್ 1 ಗ್ರಾಂ, ಸೆಫಿಕ್ಸಿಮ್ 400 ಮಿಲಿಗ್ರಾಂ. ಯೋನಿಯ ಸೋಂಕಿಗೆ ಹಸಿರು. ಸರ್ಕಾರದ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಇದು ಪುಕ್ಕಟೆ ಸಿಗುತ್ತದೆ, ಅದು ಸಣ್ಣ ಮಾತಲ್ಲ. ಆದರೆ ಬೂದು ಕೊಡಬೇಕೋ ಹಸಿರು ಕೊಡಬೇಕೋ ಎಂದು ಹೇಳಬೇಕಾದ್ದು ಸ್ಪೆಕ್ಯುಲಮ್. ಬಾಂಗ್ಲಾದೇಶದ ಮತ್ಲಬ್‌ನಿಂದ 1999ರಲ್ಲಿ ಬಂದ ಅಧ್ಯಯನ, ಬರೀ ಲಕ್ಷಣ ನಂಬಿದರೆ ಸೋಂಕಿಲ್ಲದವರಿಗೇ ಹೆಚ್ಚು ಔಷಧಿ ಹೋಗುತ್ತದೆಂದು ತೋರಿಸಿತು. 2005ರಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು ಗೋವಾದಲ್ಲಿ ಕಂಡದ್ದು ಇನ್ನೂ ಮುಖ್ಯ: ಬಿಳಿ ಸೆರಗಿನ ದೂರಿಗೆ ಸೋಂಕಿಗಿಂತ ಮನಸ್ಸಿನ ಸಂಕಟದ ನಂಟೇ ಗಟ್ಟಿ. ಅದನ್ನು ಓದಿದ ಮೇಲೂ 'ದಣಿವು, ಸೊಂಟನೋವು' ಎನ್ನುವವಳಿಗೆ ಮನೆಯ ಕಷ್ಟ ಕೇಳದೆ ಚೀಟಿ ಬರೆಯುವುದು ಅನ್ಯಾಯ.

ಕ್ಯಾನ್ಸರ್ ಸಂಶೋಧನೆಯ ದಾರಿಯೇ ಬೇರೆ. ಕೆಲವು ಬಗೆಯ ಎಚ್‌ಪಿವಿ ವೈರಾಣು ವರ್ಷಗಟ್ಟಲೆ ಉಳಿದರೆ ಮಾತ್ರ ಗರ್ಭಕಂಠದ ಕ್ಯಾನ್ಸರ್ ಬರುತ್ತದೆ. 1956ರವರೆಗೆ ನಮ್ಮೊಂದಿಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ಉಸ್ಮಾನಾಬಾದ್ ಜಿಲ್ಲೆಯಲ್ಲಿ 1,31,746 ಹೆಂಗಸರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ, ಒಂದೇ ಸಲದ ಎಚ್‌ಪಿವಿ ಪರೀಕ್ಷೆಯಿಂದ ಸಾವು ಸುಮಾರು ಅರ್ಧಕ್ಕಿಳಿಯಿತೆಂದು ತೋರಿಸಿತು. ಗಡಿಯಾಚೆ ಇಂಥ ಕೆಲಸ ನಡೆದಿದ್ದರೂ ನಮ್ಮ ಕಲಬುರಗಿಯಲ್ಲಿ ಕ್ಯಾನ್ಸರಿನ ಹೆಸರು ಹೆದರಿಸಲು ಬಳಕೆಯಾಯಿತು. ಬಿಳಿ ಸೆರಗು, ಹೊಟ್ಟೆನೋವು ಎಂದು ಹೋದ ಲಂಬಾಣಿ ಮತ್ತು ದಲಿತ ಹೆಂಗಸರ ಗರ್ಭಚೀಲವನ್ನೇ ತೆಗೆದದ್ದನ್ನು ಕರ್ನಾಟಕ ಜನಾರೋಗ್ಯ ಚಳವಳಿ ಬಯಲಿಗೆ ತಂದಿತು. ಟೀನಾ ಕ್ಸೇವಿಯರ್, ಅಖಿಲಾ ವಾಸನ್, ವಿಜಯಕುಮಾರ್ ಇದನ್ನು 2017ರಲ್ಲಿ ವೈದ್ಯಕೀಯ ನೀತಿಯ ಪತ್ರಿಕೆಯಲ್ಲಿ ದಾಖಲಿಸಿದರು. ಏಳು ದಿನದ ಗುಳಿಗೆಗೆ ಅಥವಾ ಒಂದು ಧೈರ್ಯದ ಮಾತಿಗೆ ಮುಗಿಯಬಹುದಾಗಿದ್ದ ದೂರು ಶಸ್ತ್ರಚಿಕಿತ್ಸೆಯಾಗಿ, ಸಾಲವಾಗಿ ಬೆಳೆಯಿತು. ಅನಗತ್ಯವಾಗಿ ಗರ್ಭಚೀಲ ತೆಗೆಯುವುದನ್ನು ತಡೆಯಲು ಕೇಂದ್ರದ ಮಾರ್ಗಸೂಚಿ ಬಂದದ್ದು 2022ರಲ್ಲಿ; ಅದನ್ನು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿದ್ದು 2023ರ ಏಪ್ರಿಲ್‌ನಲ್ಲಿ.

ಈಗ ಹಣವೆಲ್ಲ ಕ್ಯಾನ್ಸರ್ ತಪಾಸಣೆಯತ್ತ ಹರಿಯುತ್ತಿದೆ, ಹರಿಯಲಿ. ಅದೇ ಮೇಜಿನ ಮೇಲೆ, ಅದೇ ದೀಪದಲ್ಲಿ ಕೀವು ಕಂಡರೆ ಚಿಕಿತ್ಸೆಯೂ ಅಲ್ಲೇ ಸಿಗಬೇಕು. ಕ್ಷಯಕ್ಕೆಂದು ಸರ್ಕಾರ ಕೊಂಡ ಜೀನ್‌ಎಕ್ಸ್‌ಪರ್ಟ್ ಯಂತ್ರಕ್ಕೆ ಬೇರೆ ಕಾರ್ಟ್ರಿಜ್ ಹಾಕಿದರೆ ಕ್ಲಮೈಡಿಯ, ಗೊನೊರಿಯಾ ಎರಡೂ ಸುಮಾರು 90 ನಿಮಿಷದಲ್ಲಿ ಪತ್ತೆಯಾಗುತ್ತವೆ. ಗಂಡನಿಗೂ ಜೊತೆಯಲ್ಲೇ ಔಷಧಿ ಕೊಡದಿದ್ದರೆ ಸೋಂಕು ಮರಳುತ್ತದೆ. ಅವನು ಪುಣೆಗೋ ಮುಂಬೈಗೋ ದುಡಿಯಲು ಹೋಗಿದ್ದರೆ ಅವನ ಪಾಲಿನ ಗುಳಿಗೆಯನ್ನು ಹೆಂಡತಿಯ ಕೈಗೆ ಕೊಡುವುದೋ, ಅಲ್ಲಿನ ಕ್ಲಿನಿಕ್‌ಗೆ ಚೀಟಿ ಕಳಿಸುವುದೋ? ಕಮಲಾಪುರದ ತಾಂಡಾಗಳಲ್ಲೇ ಕೂತು ಇದನ್ನು ಕೇಳಿ ಬರೆಯುವ ಅಧ್ಯಯನ ನಮಗೆ ಬೇಕು.