ಶಾಲೆಯಲ್ಲಿ ವಿದ್ಯಾರ್ಥಿಗಳೇ ನಡೆಸುವ ವಿಜ್ಞಾನ ಸಂಘ: ಪ್ರಾರಂಭ ಮತ್ತು ನಿರ್ವಹಣೆ

(ತೊಣ್ಣೂರು ಹಾಗೂ ಪಾಂಡವಪುರ, ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ವಿದ್ಯಾರ್ಥಿಗಳು, ಪೋಷಕರು ಮತ್ತು ಶಿಕ್ಷಕರ ಮಾಹಿತಿಗಾಗಿ)

ಪೀಠಿಕೆ

ವಿಜ್ಞಾನ ಸಂಘವನ್ನು ಪ್ರಾರಂಭಿಸಲು ಯಾವ ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕು, ಎಷ್ಟು ಶುಲ್ಕ ಪಾವತಿಸಬೇಕು ಎಂದು ವಿಚಾರಿಸುವವರಿದ್ದಾರೆ. ಇದು ಶಾಲೆಯೊಳಗಿನ ಚಟುವಟಿಕೆಯಾದುದರಿಂದ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರಡಿ ನೋಂದಣಿ ಮಾಡಿಸುವ ಅಗತ್ಯವಿರುವುದಿಲ್ಲ. ಆಸಕ್ತ ವಿದ್ಯಾರ್ಥಿಗಳು ಸಹಿ ಮಾಡಿದ ಒಂದು ಪುಟದ ಮನವಿಯನ್ನು ಮುಖ್ಯೋಪಾಧ್ಯಾಯರಿಗೆ ನೀಡಿ ಒಪ್ಪಿಗೆ ಪಡೆದರೆ ಸಾಕಾಗುತ್ತದೆ. ಸರ್ಕಾರಿ ಶಾಲೆಯಾಗಿದ್ದಲ್ಲಿ ವಿಷಯವನ್ನು ಶಾಲಾಭಿವೃದ್ಧಿ ಮತ್ತು ಮೇಲ್ವಿಚಾರಣಾ ಸಮಿತಿಯ ಸಭೆಯಲ್ಲಿಯೂ ಮಂಡಿಸುವುದು ಒಳ್ಳೆಯದು. ಕೆರೆಯ ಬಳಿಗೆ ಮಕ್ಕಳು ಏಕೆ ಹೋಗುತ್ತಾರೆಂಬುದು ಪೋಷಕರಿಗೆ ಮೊದಲೇ ತಿಳಿದಿರಬೇಕು.

ಸಂಘವನ್ನು ಪ್ರಾರಂಭಿಸುವುದು ಸುಲಭ. ಉದ್ಘಾಟನೆಯಾಗಿ, ಛಾಯಾಚಿತ್ರ ತೆಗೆದು, ಮರುವರ್ಷ ಹೆಸರೂ ಉಳಿಯದ ಸಂಘಗಳೇ ಹೆಚ್ಚು. ಆದುದರಿಂದ ಸಂಘವು ಎರಡನೆಯ ವರ್ಷಕ್ಕೆ ಮುಂದುವರಿಯುವುದು ಹೇಗೆಂಬುದಕ್ಕೆ ಇಲ್ಲಿ ಹೆಚ್ಚು ಗಮನ ಕೊಡಲಾಗಿದೆ.

ಪದಾಧಿಕಾರಿಗಳು ಮತ್ತು ಸಭೆ

ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಈ ಮೂವರನ್ನು ಸದಸ್ಯರೇ ಜೂನ್ ತಿಂಗಳಲ್ಲಿ ಚುನಾಯಿಸತಕ್ಕದ್ದು. ಕಾರ್ಯದರ್ಶಿಯನ್ನು 10ನೇ ತರಗತಿಯಿಂದ ಆರಿಸುವುದು ವಾಡಿಕೆಯಾದರೂ ಅದು ಸೂಕ್ತವಲ್ಲ. ದಸರಾ ರಜೆ ಮುಗಿಯುವ ವೇಳೆಗೆ ಆ ವಿದ್ಯಾರ್ಥಿಗೆ ಪರೀಕ್ಷೆಯ ಸಿದ್ಧತೆ ಹೊರತು ಬೇರಾವುದಕ್ಕೂ ಬಿಡುವಿರುವುದಿಲ್ಲ. ಮಾರ್ಚ್‌ನಲ್ಲಿ ಶಾಲೆ ಬಿಟ್ಟು ಹೋಗುವಾಗ ಪುಸ್ತಕಗಳೂ ಅವರ ಮನೆಯಲ್ಲೇ ಉಳಿಯುತ್ತವೆ. 9ನೇ ತರಗತಿಯವರನ್ನು ಕಾರ್ಯದರ್ಶಿಯನ್ನಾಗಿಯೂ 8ನೇ ತರಗತಿಯವರನ್ನು ಸಹಕಾರ್ಯದರ್ಶಿಯನ್ನಾಗಿಯೂ ಆರಿಸಿ, ಜನವರಿಯಲ್ಲಿ ಎಲ್ಲ ವಹಿಗಳನ್ನು ಸಹಿ ಪಡೆದು ಹಸ್ತಾಂತರಿಸುವುದು ಉತ್ತಮ.

ಸಭೆಯ ದಿನವನ್ನು ಬದಲಾಯಿಸಬಾರದು. ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಸ್ಥಾಪಿಸಿದ ಬೆಂಗಳೂರು ಸೈನ್ಸ್ ಫೋರಂ ವಾರಕ್ಕೊಂದು ಉಪನ್ಯಾಸವನ್ನು ತಪ್ಪದೆ ನಡೆಸಿಯೇ ಹೆಸರಾಯಿತು. ಶಾಲೆಗಳಿಗೆ ಶನಿವಾರದ ಬೆಳಗಿನ ಶಾಲೆಯ ಕೊನೆಯ ಅವಧಿ ಅನುಕೂಲವಾದುದು. ಸಂಜೆ ಶಾಲೆ ಬಿಟ್ಟ ನಂತರ ಸಭೆಯಿಟ್ಟಲ್ಲಿ ಬಸ್ಸಿಗೆ ಹೋಗಬೇಕಾದ ಮಕ್ಕಳು, ವಿಶೇಷವಾಗಿ ಹೆಣ್ಣುಮಕ್ಕಳು, ಕೆಲವೇ ವಾರಗಳಲ್ಲಿ ಬಿಟ್ಟುಹೋಗುತ್ತಾರೆ.

ಮಾರ್ಗದರ್ಶಿ ಶಿಕ್ಷಕರು ಸಭೆಯಲ್ಲಿ ಹಾಜರಿರಬೇಕು, ಆದರೆ ಸಭೆಯನ್ನು ನಡೆಸಬಾರದು. ಸುರಕ್ಷತೆಯ ವಿಷಯದಲ್ಲಿ ಮಾತ್ರ ಅವರ ಮಾತೇ ಅಂತಿಮ.

ಏನನ್ನು ಮಾಡಬೇಕು

ಜ್ವಾಲಾಮುಖಿಯ ಮಾದರಿಯನ್ನು ತಯಾರಿಸಿ ಪ್ರದರ್ಶಿಸುವುದಕ್ಕೆ ಆಕ್ಷೇಪಣೆಯಿಲ್ಲ. ಆದರೆ ಉತ್ತರ ಮೊದಲೇ ಗೊತ್ತಿರುವ ಪ್ರಯೋಗದಿಂದ ಸಂಘಕ್ಕೆ ಒಂದು ವರ್ಷದ ಕೆಲಸ ದೊರೆಯುವುದಿಲ್ಲ. ತೊಣ್ಣೂರಿನ ಸುತ್ತಲಿನ ಮಕ್ಕಳಿಗೆ ಪ್ರಶ್ನೆಗಳು ಊರಿನಲ್ಲಿಯೇ ಇವೆ.

ತೊಣ್ಣೂರು ಕೆರೆಗೆ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ, ಎಂಬ ಹೆಸರೂ ಇದೆ. 1746ರಲ್ಲಿ ಇಲ್ಲಿಗೆ ಬಂದ ದಖನ್ನಿನ ಸುಬೇದಾರನ ಮಗ ನಾಸಿರ್ ಜಂಗ್ ನೀರಿನ ತಿಳಿಯನ್ನು ಕಂಡು ಹೀಗೆ ಕರೆದನೆಂದು ಗೆಜೆಟಿಯರಿನಲ್ಲಿ ದಾಖಲಾಗಿದೆ. ಈಗ ನೀರು ಎಷ್ಟು ತಿಳಿಯಾಗಿದೆ? ಇದನ್ನು ಮಕ್ಕಳೇ ಅಳೆಯಬಹುದು. ಎತ್ತರದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯೊಂದರ ತಳವನ್ನು ಮುಚ್ಚಿ, ಅದರ ಮೇಲೆ ಕಪ್ಪು ಬಣ್ಣದಲ್ಲಿ ಕೂಡಿಸುವ ಚಿಹ್ನೆಯನ್ನು ಬರೆದು, ಮೇಲಿನಿಂದ ನೋಡುತ್ತ ಕೆರೆಯ ನೀರನ್ನು ಸುರಿಯಬೇಕು. ಚಿಹ್ನೆ ಮರೆಯಾಗುವ ನೀರಿನ ಎತ್ತರವನ್ನು ಸೆಂ.ಮೀ.ನಲ್ಲಿ ಬರೆಯಬೇಕು. ಎತ್ತರ ಹೆಚ್ಚಿದಷ್ಟೂ ನೀರು ತಿಳಿ. 60 ಸೆಂ.ಮೀ. ಕೊಳವೆ ತುಂಬಿದರೂ ಚಿಹ್ನೆ ಕಾಣುತ್ತಿದ್ದಲ್ಲಿ "60ಕ್ಕಿಂತ ಹೆಚ್ಚು" ಎಂದಷ್ಟೇ ಬರೆಯಬೇಕು. ಕಣ್ಣು ಬದಲಾದರೆ ಅಂಕಿಯೂ ಬದಲಾಗುವುದರಿಂದ ಇಬ್ಬರು ಪ್ರತ್ಯೇಕವಾಗಿ ನೋಡಿ, ಒಬ್ಬರ ಅಂಕಿಯನ್ನು ಇನ್ನೊಬ್ಬರಿಗೆ ತೋರಿಸದೆ ದಾಖಲಿಸಬೇಕು. ಮಳೆಗೆ ಮೊದಲು, ಮಳೆಯ ನಂತರ, ಬೇಸಿಗೆಯಲ್ಲಿ ಹೀಗೆ ವರ್ಷವಿಡೀ ಅಳೆದಾಗ ಮಾತ್ರ ಏನನ್ನಾದರೂ ಹೇಳಲು ಸಾಧ್ಯ. ಇದೇ ಕೆರೆಯ ನೀರಿನಲ್ಲಿಯೂ ಊರಿನ ಕೊಳವೆಬಾವಿಯ ನೀರಿನಲ್ಲಿಯೂ ಒಂದೇ ಪ್ರಮಾಣದ ಸೋಪನ್ನು ಕದಡಿ, ನೊರೆಯ ಎತ್ತರವನ್ನು ಹೋಲಿಸಿದರೆ ಗಡಸುತನದ ವ್ಯತ್ಯಾಸ ತಿಳಿಯುತ್ತದೆ.

ಮಳೆಯನ್ನು ಅಳೆಯಲು ನೇರ ಗೋಡೆಯ ಡಬ್ಬ ಮತ್ತು ಅಳತೆಪಟ್ಟಿ ಸಾಕು. ಹವಾಮಾನ ಇಲಾಖೆಯಂತೆ ಪ್ರತಿದಿನ ಬೆಳಿಗ್ಗೆ 8.30ಕ್ಕೆ ಓದಬೇಕು. 1 ಮಿ.ಮೀ. ಮಳೆಯೆಂದರೆ ಒಂದು ಚದರ ಮೀಟರಿಗೆ 1 ಲೀಟರ್ ನೀರು; 100 ಚದರ ಮೀಟರ್ ವಿಸ್ತೀರ್ಣದ ಚಾವಣಿಗೆ 100 ಲೀಟರ್. ಭಾನುವಾರ ಓದದೆ ಬಿಟ್ಟುಹೋದಲ್ಲಿ ಸೋಮವಾರದ ಅಂಕಿಯಲ್ಲಿ ಎರಡು ದಿನದ ಮಳೆ ಸೇರಿರುತ್ತದೆ. ಅದನ್ನು ಹಾಗೆಯೇ ಬರೆಯಬೇಕೇ ಹೊರತು ಅರ್ಧರ್ಧ ಹಂಚಿ ಬರೆಯಬಾರದು. ಒಂದು ಸುಳ್ಳು ಅಂಕಿ ಸೇರಿದರೆ ಇಡೀ ವಹಿಯನ್ನು ನಂಬಲಾಗುವುದಿಲ್ಲ. ಈ ಅಂಕಿಗಳನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಪ್ರಕಟಿಸುವ ಮಳೆಯ ಮಾಹಿತಿಯೊಂದಿಗೆ ಹೋಲಿಸಬಹುದು.

ನೆರಳಿಲ್ಲದ ದಿನವು ಈ ಭಾಗದಲ್ಲಿ ವರ್ಷಕ್ಕೆ ಎರಡು ಬಾರಿ, ಏಪ್ರಿಲ್ 23-24 ಹಾಗೂ ಆಗಸ್ಟ್ 18-20ರ ಸುಮಾರಿಗೆ ಬರುತ್ತದೆ. ಏಪ್ರಿಲ್‌ನಲ್ಲಿ ರಜೆ, ಆಗಸ್ಟ್‌ನಲ್ಲಿ ಮೋಡ; ಆದರೂ ಪ್ರಯತ್ನಿಸಬಹುದು. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಮಾಯವಾಗುವುದು 12 ಗಂಟೆಗಲ್ಲ, 12.20ರಿಂದ 12.30ರ ನಡುವೆ. ನಮ್ಮ ಗಡಿಯಾರದ ಸಮಯವನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ನಿಗದಿಪಡಿಸಲಾಗಿದ್ದು, ನಾವು ಅದಕ್ಕಿಂತ ಪಶ್ಚಿಮಕ್ಕಿರುವುದೇ ಇದಕ್ಕೆ ಕಾರಣ.

ಶ್ರೀರಂಗಪಟ್ಟಣ ತಾಲ್ಲೂಕಿನ ಶಾಲೆಗಳಿಗೆ ರಂಗನತಿಟ್ಟು ಪಕ್ಷಿಧಾಮ ಹತ್ತಿರದಲ್ಲಿದೆ. 1940ರಲ್ಲಿ ಘೋಷಿತವಾದ ಇದು 2022ರಲ್ಲಿ ರಾಮ್‌ಸಾರ್ ತಾಣವೂ ಆಯಿತು. ನಾಗಮಂಗಲದವರಿಗೆ ಆದಿಚುಂಚನಗಿರಿಯ ನವಿಲುಧಾಮವಿದೆ.

ಸುರಕ್ಷತೆ (ಕಡ್ಡಾಯ)

ತೊಣ್ಣೂರು ಕೆರೆ ಆಳವಾದುದು. ನೀರಿಗಿಳಿದವರು ಮುಳುಗಿ ಮೃತಪಟ್ಟ ಪ್ರಕರಣಗಳು ನಡೆದಿವೆ. ಈಜು ಬಲ್ಲವರೂ ಸೇರಿದಂತೆ ಯಾವುದೇ ವಿದ್ಯಾರ್ಥಿ ಕೆರೆಗಿಳಿಯತಕ್ಕದ್ದಲ್ಲ. ಹಗ್ಗ ಕಟ್ಟಿದ ಬಕೆಟ್ಟಿನಿಂದ ದಡದಲ್ಲಿಯೇ ನಿಂತು ನೀರನ್ನು ಶಿಕ್ಷಕರು ಎತ್ತಿಕೊಡಬೇಕು. ಪೋಷಕರ ಲಿಖಿತ ಒಪ್ಪಿಗೆಯಿಲ್ಲದವರನ್ನು ಕರೆದೊಯ್ಯಬಾರದು. ಶಿಕ್ಷಕರು ರಜೆಯಲ್ಲಿದ್ದರೆ ಆ ವಾರದ ಅಂಕಿ ಖಾಲಿಯಿರಲಿ. ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದು.

ಹಣಕಾಸು

ಸಂಘಕ್ಕೆ ಹೆಚ್ಚು ಹಣ ಬೇಕಾಗುವುದಿಲ್ಲ. ಆದರೆ ನೂರು ರೂಪಾಯಿಯಿದ್ದರೂ ನಗದು ವಹಿ ಇರಲೇಬೇಕು. ಎಡಗಡೆ ಜಮೆ, ಬಲಗಡೆ ಖರ್ಚು, ರಸೀದಿಗೆ ಕ್ರಮಸಂಖ್ಯೆ, ತಿಂಗಳ ಕೊನೆಗೆ ಕೈಯಲ್ಲಿರುವ ಶಿಲ್ಕು. ವಿಜ್ಞಾನಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ತೋರಬಹುದು. ಮಳೆಯ ವಹಿಯನ್ನು ಸರಿಯಾಗಿ ಬರೆಯುವ ವಿದ್ಯಾರ್ಥಿಗೆ ಇದು ಕಷ್ಟವಾಗುವುದಿಲ್ಲ.

ಇನ್‌ಸ್ಪೈರ್ ಅವಾರ್ಡ್ಸ್ - ಮಾನಕ್ ಯೋಜನೆಯಡಿ ಆಯ್ಕೆಯಾದ ವಿದ್ಯಾರ್ಥಿಗೆ ಮಾದರಿ ತಯಾರಿಕೆಗಾಗಿ ₹10,000 ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಅದು ಆ ವಿದ್ಯಾರ್ಥಿಯ ಹಣವೇ ಹೊರತು ಸಂಘದ್ದಲ್ಲ. ಅದನ್ನು ಸಂಘದ ವಹಿಯಲ್ಲಿ ತೋರಿಸಬಾರದು.

ಹೊರಗಿನ ವೇದಿಕೆಗಳು

1993ರಿಂದ ಪ್ರಾರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು 10ರಿಂದ 17 ವರ್ಷದ ಮಕ್ಕಳಿಗಾಗಿ ಇರುವಂಥದ್ದು. ಸ್ಥಳೀಯ ಸಮಸ್ಯೆಯ ಅಧ್ಯಯನಕ್ಕೆ ಅದರಲ್ಲಿ ಆದ್ಯತೆಯಿದೆ. ಮುಖ್ಯ ವಿಷಯ ಮತ್ತು ದಿನಾಂಕಗಳಿಗಾಗಿ ಆಯಾ ಸಮಾವೇಶದ ಸುತ್ತೋಲೆಯನ್ನೇ ನೋಡಬೇಕು. 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ "ಬಾಲ ವಿಜ್ಞಾನ" ಮಾಸಪತ್ರಿಕೆಯ ಹಳೆಯ ಸಂಚಿಕೆಗಳು ಶಾಲಾ ಗ್ರಂಥಾಲಯದಲ್ಲಿದ್ದರೆ ಹುಡುಕಿ ಓದಬೇಕು. ಗಮನಿಸಿ: ವಿಜ್ಞಾನ ಪ್ರಸಾರ್ ಸಂಸ್ಥೆಯು 2023ರಲ್ಲಿ ಮುಚ್ಚಿರುವುದರಿಂದ, ಹಳೆಯ ಕೈಪಿಡಿಗಳಲ್ಲಿ ಕಾಣುವ ಅದರ ವಿಪ್‌ನೆಟ್ ನೋಂದಣಿ ನಮೂನೆಯನ್ನು ಆ ವಿಳಾಸಕ್ಕೆ ಕಳುಹಿಸಬೇಕಾಗಿಲ್ಲ.

ಇವೆಲ್ಲಕ್ಕಿಂತ ಹತ್ತಿರದ ವೇದಿಕೆ ಗ್ರಾಮ ಪಂಚಾಯಿತಿಯು ನಡೆಸುವ ಮಕ್ಕಳ ಗ್ರಾಮ ಸಭೆ. ಕುಡಿಯುವ ನೀರಿನ ಬಗ್ಗೆ "ನೀರು ಚೆನ್ನಾಗಿಲ್ಲ" ಎಂದು ಹೇಳುವುದಕ್ಕೂ, ಯಾವ ಬೀದಿಯ ನಲ್ಲಿ, ಯಾವ ದಿನಾಂಕ, ಎಷ್ಟು ಬಾರಿ ಪರೀಕ್ಷಿಸಲಾಗಿದೆ ಎಂಬ ವಹಿಯನ್ನು ಮುಂದಿಡುವುದಕ್ಕೂ ವ್ಯತ್ಯಾಸವಿದೆ. ಮಕ್ಕಳ ಅಳತೆಯು ಪ್ರಯೋಗಾಲಯದ ವರದಿಗೆ ಸಮನಲ್ಲ. ಆದರೆ ಪ್ರಯೋಗಾಲಯಕ್ಕೆ ಮಾದರಿ ಕಳುಹಿಸಿರೆಂದು ಕೇಳಲು ಅದು ಸಾಕಷ್ಟು ಆಧಾರ. ಮನವಿಯ ಎರಡು ಪ್ರತಿಗಳನ್ನು ಒಯ್ದು, ಒಂದನ್ನು ಸಲ್ಲಿಸಿ, ಇನ್ನೊಂದರ ಮೇಲೆ ಸ್ವೀಕೃತಿಯ ಸಹಿ, ಮೊಹರು ಮತ್ತು ದಿನಾಂಕವನ್ನು ಪಡೆದು ಸಂಘದ ಕಡತದಲ್ಲಿಡತಕ್ಕದ್ದು. ಮುಂದಿನ ವರ್ಷದ ಕಾರ್ಯದರ್ಶಿಯು ಅದೇ ಪ್ರತಿಯನ್ನು ಹಿಡಿದು ಉತ್ತರ ಕೇಳಬಹುದು.

ಹೆಚ್ಚಿನ ವಿವರಗಳಿಗೆ ಆಯಾ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.