ಅಲೆನ್ಸೋನಿನ ದಂಪತಿಗಳು



ಶತಮಾನೋತ್ಸವದ ಸಿದ್ಧತೆಗಾಗಿ ನಾವು ಈಚೆಗೆ ನಮ್ಮ ದೇವಾಲಯದ ಹಳೆಯ ವಿವಾಹ ದಾಖಲೆ ಪುಸ್ತಕಗಳನ್ನು ತೆರೆದು ಕುಳಿತೆವು. ವಧೂವರರ ಹೆಸರು, ದಿನಾಂಕ, ಸಾಕ್ಷಿಗಳು, ಗುರುಗಳ ರುಜು, ಇಷ್ಟೇ. ಇಂತಹ ಪುಸ್ತಕವನ್ನು ಧರ್ಮಕೇಂದ್ರದ ಗುರುಗಳು ಇಡತಕ್ಕದ್ದೆಂದು ತ್ರೆಂತ್ ಮಹಾಸಭೆಯು 1563ರಲ್ಲಿ ವಿಧಿಸಿತು. ಮದುವೆಯಾದುದನ್ನು ಅದು ಹೇಳುತ್ತದೆ. ಆಮೇಲೆ ಆ ಮನೆಯಲ್ಲಿ ಪ್ರೀತಿ ಹೇಗೆ ಉಳಿಯಿತೆಂಬುದನ್ನು ಬರೆಯಲು ಅದರಲ್ಲಿ ಅಂಕಣವಿಲ್ಲ. ಅದನ್ನರಿಯಲು ಕಾಗದಪತ್ರಗಳು ಉಳಿದಿರಬೇಕು. ಹಾಗೆ ಉಳಿದುಬಂದ ಒಂದು ಸಂಸಾರದ ಚರಿತ್ರೆಯನ್ನು ಇಲ್ಲಿ ಬರೆಯಬಯಸುತ್ತೇವೆ.

ಫ್ರಾನ್ಸ್ ದೇಶದ ನಾರ್ಮಂಡಿ ಪ್ರಾಂತ್ಯದ ಅಲೆನ್ಸೋನ್ ಪಟ್ಟಣದಲ್ಲಿ 1858ನೇ ಇಸವಿ ಜುಲೈ 13ರ ನಡುರಾತ್ರಿ ಲೂಯಿ ಮಾರ್ಟಿನ್ ಮತ್ತು ಜೆಲಿ ಗೆರಾನ್ ಎಂಬವರು ವಿವಾಹ ಸಂಸ್ಕಾರವನ್ನು ಪಡೆದರು. ಇವರೇ ಬಾಲಯೇಸುವಿನ ಸಂತ ತೆರೇಸಮ್ಮನವರ ತಂದೆತಾಯಿಗಳು. ಲೂಯಿ ಗಡಿಯಾರದ ಕೆಲಸದವರು. ಜೆಲಿ ಆ ಊರಿಗೇ ಹೆಸರು ತಂದ ಸೂಜಿಯ ಲೇಸನ್ನು ಮಾಡಿಸಿ ಮಾರುತ್ತಿದ್ದರು. ಇಬ್ಬರೂ ಮೊದಲು ಸನ್ಯಾಸವನ್ನೇ ಬಯಸಿದ್ದರು. ಲ್ಯಾಟಿನ್ ಬಾರದೆಂದು ಲೂಯಿಯನ್ನು ಮಠದಿಂದ ಹಿಂದಕ್ಕೆ ಕಳುಹಿಸಲಾಯಿತು. ಜೆಲಿಯನ್ನು ಕನ್ಯಾಮಠದವರು ಸೇರಿಸಿಕೊಳ್ಳಲಿಲ್ಲ. ಮದುವೆಯ ನಂತರವೂ ಸುಮಾರು ಹತ್ತು ತಿಂಗಳು ಅಣ್ಣತಂಗಿಯರಂತೆ ಬಾಳಿದರು. ಪಾಪನಿವೇದನೆ ಕೇಳುವ ಗುರುಗಳ ಬುದ್ಧಿವಾದದಿಂದ ಆ ನಿರ್ಧಾರ ಬದಲಾಯಿತು. ದಾಂಪತ್ಯವೆಂಬುದು ಮಠ ದೊರೆಯದವರ ಎರಡನೆಯ ದರ್ಜೆಯ ದಾರಿ ಎಂಬ ಭಾವನೆ ನಮ್ಮವರಲ್ಲಿ ಇಂದಿಗೂ ಅಲ್ಲಲ್ಲಿ ಉಂಟು. ಆ ಗುರುಗಳಿಗೆ ಅದು ಇದ್ದಂತಿಲ್ಲ.

ಜೆಲಿಯವರು ತಮ್ಮನ ಸಂಸಾರಕ್ಕೂ ವಸತಿ ಶಾಲೆಯಲ್ಲಿದ್ದ ಹೆಣ್ಣುಮಕ್ಕಳಿಗೂ ಬರೆದ ಇನ್ನೂರಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ಗುರುಮಠದಲ್ಲಿದ್ದಾಗ ತೆರೇಸಮ್ಮನವರ ಆತ್ಮಚರಿತ್ರೆಯನ್ನೋದಿ, ಆ ಮನೆ ನೆಲದಿಂದ ಒಂದು ಗೇಣು ಮೇಲೆಯೇ ಇದ್ದಿತೆಂದು ನಾವು ತಿಳಿದಿದ್ದೆವು. ಪತ್ರಗಳನ್ನೋದಿದ ಮೇಲೆ ಆ ಭ್ರಮೆ ಕಳೆಯಿತು. ಗಿರಾಕಿಗಳ ಅವಸರ, ನಿದ್ದೆಗೆಟ್ಟ ರಾತ್ರಿಗಳು, ಮಕ್ಕಳಿಗೆ ಹಾಲೂಡುವ ದಾದಿಯರ ಚಿಂತೆ, ಇವೇ ಅಲ್ಲಿ ತುಂಬಿವೆ. 1863ರಲ್ಲಿ ವ್ಯಾಪಾರಕ್ಕಾಗಿ ಪ್ಯಾರಿಸಿಗೆ ಹೋದ ಲೂಯಿ ಅಲ್ಲಿಂದ ಬರೆದ ಕಾಗದದಲ್ಲಿ, ಅತಿಯಾಗಿ ದುಡಿಯಬೇಡವೆಂದು ಹೆಂಡತಿಯನ್ನು ಬೇಡಿಕೊಂಡು, ತಮ್ಮನ್ನು ಪತಿಯೆಂದೂ ನಿಜವಾದ ಸ್ನೇಹಿತನೆಂದೂ ಕರೆದುಕೊಂಡಿದ್ದಾರೆ. 1870ರಲ್ಲಿ ಸ್ವಂತ ಅಂಗಡಿಯನ್ನೇ ಬಿಟ್ಟುಕೊಟ್ಟು ಹೆಂಡತಿಯ ಲೇಸಿನ ವ್ಯಾಪಾರಕ್ಕೆ ಹೆಗಲು ಕೊಟ್ಟರು. ಹೆಂಡತಿಯ ಉದ್ಯೋಗಕ್ಕಾಗಿ ಗಂಡ ತನ್ನದನ್ನು ಬಿಡುವುದು ಅಂದಿಗೆ ಸಾಮಾನ್ಯವಲ್ಲ. ಇಂದಿಗೂ ಅಷ್ಟಾಗಿ ಅಲ್ಲ. ಮುಂಜಾನೆಯ ಬಲಿಪೂಜೆಗೆ ಇಬ್ಬರೂ ಕೂಡಿಯೇ ಹೋಗುತ್ತಿದ್ದರು. ಭಾನುವಾರ ಅಂಗಡಿ ತೆರೆಯದೆ ನಷ್ಟವಾದರೂ ಲೂಯಿ ಜಗ್ಗಲಿಲ್ಲ.

ಒಂಬತ್ತು ಮಕ್ಕಳಲ್ಲಿ ನಾಲ್ವರು 1867ರಿಂದ 1870ರೊಳಗೆ ತೀರಿಕೊಂಡರು. ಆದರೆ ತಾಯಿಯ ಎದೆಯನ್ನು ಸುಟ್ಟ ದುಃಖ ಬದುಕಿದ್ದ ಮಗಳದ್ದೇ ಆಗಿತ್ತು. 1863ರಲ್ಲಿ ಹುಟ್ಟಿದ ಮೂರನೆಯವಳಾದ ಲಿಯೋನಿ ಹಠಮಾರಿ, ಕಲಿಕೆಯಲ್ಲಿ ಹಿಂದೆ. ಸೋದರತ್ತೆಯಲ್ಲ, ತಾಯಿಯ ಸ್ವಂತ ಅಕ್ಕನೇ ಕನ್ಯೆಯಾಗಿದ್ದ ಮಠದ ಶಾಲೆಯಿಂದಲೂ ಮನೆಗೆ ಕಳುಹಿಸಲ್ಪಟ್ಟವಳು. ಮರಣಶಯ್ಯೆಯಲ್ಲಿದ್ದ ಆ ಅಕ್ಕನಿಗೆ, ಸ್ವರ್ಗ ಸೇರಿದೊಡನೆ ಲಿಯೋನಿಗಾಗಿ ಬೇಡಿಕೊಳ್ಳಬೇಕೆಂದು ಜೆಲಿ ಕೇಳಿಕೊಂಡರು. ಅಕ್ಕ ತೀರಿಕೊಂಡದ್ದು 1877ರ ಫೆಬ್ರವರಿಯಲ್ಲಿ. ಕೆಲವೇ ದಿನಗಳಲ್ಲಿ ಸತ್ಯ ಹೊರಬಿತ್ತು: ಮನೆಯ ಕೆಲಸದಾಕೆಯೇ ಹುಡುಗಿಯನ್ನು ಗುಟ್ಟಾಗಿ ಬೆದರಿಸಿ, ತಾಯಿಯ ಮಾತು ಕೇಳದಂತೆ ತನ್ನ ಹಿಡಿತದಲ್ಲಿ ಇಟ್ಟುಕೊಂಡಿದ್ದಳು. ನಿತ್ಯವೂ ಬಲಿಪೂಜೆಗೆ ಹೋಗುತ್ತಿದ್ದ ಮನೆಯಲ್ಲಿ, ತಂದೆತಾಯಿಗಳ ಕಣ್ಣೆದುರಿನಲ್ಲಿಯೇ ಇದು ನಡೆದಿತ್ತು. ಈ ಭಾಗವನ್ನು ಕೆಲವರು ಪ್ರಸಂಗದಲ್ಲಿ ಬಿಟ್ಟುಬಿಡುತ್ತಾರೆ. ಬಿಡಲು ನಮಗೆ ಮನಸ್ಸಿಲ್ಲ. ಜೆಲಿ ತಮ್ಮ ಕುರುಡುತನವನ್ನು ಮುಚ್ಚಿಡಲಿಲ್ಲ. ಆ ಕೆಲಸದಾಕೆ ಲಿಯೋನಿಯೊಡನೆ ಮಾತನಾಡಕೂಡದೆಂದು ತಡೆದು, ಮಗಳನ್ನು ಪಕ್ಕದಲ್ಲಿ ಇರಿಸಿಕೊಂಡು, ಪ್ರೀತಿಯಿಂದಲೇ ಹೊಸದಾಗಿ ಮೊದಲುಮಾಡಿದರು.

ಆಗ ಅವರಿಗೆ ಉಳಿದಿದ್ದ ಕಾಲ ಬಹಳ ಕಡಮೆ. ಎದೆಯ ಗಡ್ಡೆ ವಾಸಿಯಾಗದೆಂದು ವೈದ್ಯರು 1876ರ ಡಿಸೆಂಬರಿನಲ್ಲಿಯೇ ತಿಳಿಸಿದ್ದರು. 1877ರ ಜೂನಿನಲ್ಲಿ ಲಿಯೋನಿಯೂ ಸೇರಿ ಮೂವರು ಮಕ್ಕಳೊಡನೆ ಲೂರ್ದಿಗೆ ಯಾತ್ರೆ ಹೋದರು, ಗುಣವಾಗದೆ ಮರಳಿದರು. ಆಗಸ್ಟ್ 28ರಂದು, ನಲವತ್ತೈದನೆಯ ವಯಸ್ಸಿನಲ್ಲಿ, ದೈವಾಧೀನರಾದರು. ತೆರೇಸಳಿಗೆ ಆಗ ನಾಲ್ಕು ವರ್ಷ. ಮಕ್ಕಳಿಗೆ ಸೋದರಮಾವನ ಆಸರೆಯಿರಲೆಂದು ಲೂಯಿ ತಮ್ಮ ಊರನ್ನೂ ಗೆಳೆಯರನ್ನೂ ಬಿಟ್ಟು ಲಿಸಿಯೊ ಪಟ್ಟಣಕ್ಕೆ ನೆಲೆ ಬದಲಿಸಿದರು. ಮರುಮದುವೆಯಾಗಲಿಲ್ಲ. ಕೊನೆಗಾಲದಲ್ಲಿ ಬುದ್ಧಿಭ್ರಮಣೆಯಿಂದ ಮೂರು ವರ್ಷ ಕಾಂ ನಗರದ ಆಸ್ಪತ್ರೆಯಲ್ಲಿದ್ದು, 1894ರ ಜುಲೈ 29ರಂದು ತೀರಿಕೊಂಡರು.

ಐವರು ಹೆಣ್ಣುಮಕ್ಕಳೂ ಕನ್ಯೆಯರಾದರು. 2015ರ ಅಕ್ಟೋಬರ್ 18ರಂದು, ಕುಟುಂಬವನ್ನು ಕುರಿತ ಧರ್ಮಾಧ್ಯಕ್ಷರ ಸಭೆ ನಡೆಯುತ್ತಿದ್ದಾಗಲೇ, ಪೋಪ್ ಫ್ರಾನ್ಸಿಸರು ಲೂಯಿ ಮತ್ತು ಜೆಲಿಯವರಿಗೆ ಸಂತ ಪದವಿಯನ್ನಿತ್ತರು. ದಂಪತಿಗಳಾಗಿ ಜೊತೆಯಲ್ಲಿ ಆ ಪದವಿ ಪಡೆದವರಲ್ಲಿ ಅವರೇ ಮೊದಲಿಗರು. ಲಿಯೋನಿ ಮೂರು ಬಾರಿ ಮಠಗಳಿಂದ ಮರಳಿ ಬಂದು, ನಾಲ್ಕನೆಯ ಬಾರಿ 1899ರಲ್ಲಿ ಕಾಂ ನಗರದ ಮಠ ಸೇರಿ, 1941ರಲ್ಲಿ ಸಾಯುವವರೆಗೂ ಅಲ್ಲಿಯೇ ಉಳಿದಳು. ಅವಳನ್ನು ಸಂತರ ಸಾಲಿಗೆ ಸೇರಿಸುವ ವಿಚಾರಣೆಯೂ ಅದೇ 2015ರಲ್ಲಿ ಆರಂಭವಾಯಿತು.